ಬಣ್ಣ ಹಚ್ಚೋಕೆ ಮುಂಚೆ ಕಲ್ಲು ನೋಡ್ಸಿ: ಮಕ್ಕಳಿಗೆ ಶಿಲೆಗಳ ಪರಿಚಯ ಮನೇಲೇ ಮಾಡಿಸೋದು ಹೇಗೆ

ರಜ ಶುರುವಾದ್ರೆ ಸಾಕು ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಮಗಳು ಎಲ್ಲಿ ಹೋದ್ರೂ ಜೇಬು ತುಂಬಾ ಕಲ್ಲು ತುಂಬ್ಕೊಂಡು ಬರ್ತಾಳೆ, ಪೇಂಟಿಂಗ್ ಮಾಡ್ಸೋಣ ಅಂತಿದ್ದೀವಿ, ಯಾವ ಪೇಂಟ್ ತರ್ಬೇಕು, ಜೊತೆಗೆ ಒಂಚೂರು ಸೈನ್ಸ್ ಕೂಡ ಹೇಳ್ಕೊಡೋಕಾಗುತ್ತಾ? ಆಗುತ್ತೆ, ತುಂಬಾ ಚೆನ್ನಾಗೇ ಆಗುತ್ತೆ. ಆದ್ರೆ ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಕಲ್ಲು ತೊಳೆದ ತಕ್ಷಣ ಅದರ ಮೇಲೆ ಚಿಟ್ಟೆನೋ ಸ್ಮೈಲಿನೋ ಬರ್ದುಬಿಡ್ತಾರೆ, ಎರಡು ಕೋಟ್ ಪೇಂಟ್ ಬಿದ್ಮೇಲೆ ಕಲ್ಲು ಕಾಣೋದೇ ಇಲ್ಲ, ಅದು ಗ್ರಾನೈಟೋ ಸುಣ್ಣದಕಲ್ಲೋ ಅಂತ ಮಗು ಕೇಳೋ ಅವಕಾಶನೇ ಹೋಗ್ಬಿಡುತ್ತೆ. ಅದಕ್ಕೇ ನಾನು ಹೇಳೋ ಕ್ರಮ ಉಲ್ಟಾ. ಮೊದ್ಲು ಕಲ್ಲನ್ನ ನೋಡೋದು, ಆಮೇಲೆ ಪರೀಕ್ಷೆ ಮಾಡೋದು, ಆಮೇಲೆ ಕಲ್ಲು ಮಣ್ಣಿಂದಾನೇ ಬಣ್ಣ ಮಾಡೋದು, ಕಲ್ಲಿನ ಮೇಲೆ ಚಿತ್ರ ಬಿಡ್ಸೋದು ಎಲ್ಲಾ ಮುಗಿದ್ಮೇಲೆ.

5ರಿಂದ 11 ವರ್ಷದ ಮಕ್ಕಳಿಗೆ ಇದು ಸರಿಹೋಗುತ್ತೆ. ಒಂದೇ ಭಾನುವಾರ ಎಲ್ಲಾ ಮುಗಿಸ್ಬೇಕು ಅಂತ ಹೊರಡ್ಬೇಡಿ, ವಾರಕ್ಕೊಂದು ಹಂತ ಸಾಕು.

ಏನೇನು ಬೇಕು

ಹೆಚ್ಚಿನದೆಲ್ಲಾ ಮನೇಲೇ ಇರುತ್ತೆ. ಹಳೇ ಟೂತ್ ಬ್ರಶ್, ಒಂದು ಭೂತಕನ್ನಡಿ, ಕಬ್ಬಿಣದ ಮೊಳೆ, ಅಯಸ್ಕಾಂತ, ಬಿಳಿ ವಿನೆಗರ್, ಮಿಕ್ಕಿರೋ ಒಂದು ಟೈಲ್ಸ್ ತುಂಡು, ಮೊಟ್ಟೆ ಟ್ರೇ, ಇಯರ್ ಬಡ್ಸ್, ಫೆವಿಕಾಲ್, ದಪ್ಪ ಡ್ರಾಯಿಂಗ್ ಹಾಳೆ, ಕ್ರೇಯಾನ್. ಗ್ರಂಥಿಗೆ ಅಂಗಡಿಯಿಂದ ಸ್ವಲ್ಪ ಗೋಂದು ಮತ್ತೆ ಪಟಿಕ ತಂದಿಟ್ಕೊಳ್ಳಿ, ಪಟಿಕ ಅಂದ್ರೆ ಶೇವಿಂಗ್ ಆದ್ಮೇಲೆ ಮುಖಕ್ಕೆ ಉಜ್ಕೋತಾರಲ್ಲ ಆ ಬಿಳೀ ಗಡ್ಡೆ. ಕಣ್ಣಿಗೆ ಹಾಕೋ ಸೇಫ್ಟಿ ಗ್ಲಾಸ್ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ಅದನ್ನ ಮಾತ್ರ ಬಿಡ್ಬೇಡಿ.

ನಿಮಗೆ ಮೊದ್ಲು ಗೊತ್ತಿರ್ಬೇಕಾದ ಮೂರು ಹೆಸರು

ಶಾಲೆ ಪುಸ್ತಕದಲ್ಲಿ ಬರೋವೇ ಇವು. ಭೂಮಿ ಒಳಗಿನ ಕರಗಿದ ಕಲ್ಲು, ಅಂದ್ರೆ ಶಿಲಾಪಾಕ, ತಣ್ಣಗಾಗಿ ಗಟ್ಟಿಯಾದ್ರೆ ಅಗ್ನಿಶಿಲೆ. ಹಂಪಿ, ರಾಮನಗರದ ಗ್ರಾನೈಟ್ ಬಂಡೆಗಳು ಇದೇ ಜಾತಿ, ವಿಜಯಪುರ ಬೆಳಗಾವಿ ಕಡೆಯ ಕಪ್ಪು ಬಸಾಲ್ಟ್ ಕೂಡ. ಮರಳು, ಕೆಸರು, ಸುಣ್ಣದ ಅಂಶ ಪದರ ಪದರವಾಗಿ ಕೂತು ಗಟ್ಟಿಯಾದ್ರೆ ಕಣಶಿಲೆ, ಇದನ್ನೇ ಪದರುಶಿಲೆ ಅಂತಾನೂ ಅಂತಾರೆ. ಬಾದಾಮಿಯ ಕೆಂಪು ಮರಳುಗಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಇದಕ್ಕೆ ಉದಾಹರಣೆ. ಮೊದಲೇ ಇದ್ದ ಕಲ್ಲು ಭೂಮಿ ಒಳಗೆ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಪೂರ್ತಿ ಕರಗದೇನೇ ಬದಲಾದ್ರೆ ರೂಪಾಂತರ ಶಿಲೆ. ಬೇಲೂರು ಹಳೇಬೀಡಿನ ಶಿಲ್ಪದ ಬಳಪದ ಕಲ್ಲು, ಮೊದ್ಲು ಮಕ್ಕಳು ಬರೀತಿದ್ದ ಕಲ್ಲಿನ ಸ್ಲೇಟು, ಲಾಲ್‌ಬಾಗ್ ಬಂಡೆಯ ನೈಸ್ (gneiss) ಅನ್ನೋ ಪಟ್ಟಿ ಪಟ್ಟಿ ಕಲ್ಲು ಎಲ್ಲಾ ಇದಕ್ಕೆ ಸೇರುತ್ತೆ.

ಇದನ್ನ ನೀವು ತಿಳ್ಕೊಂಡಿರಿ ಸಾಕು, ಮಗೂಗೆ ಮೊದಲ ದಿನವೇ ಬಾಯಿಪಾಠ ಮಾಡ್ಸೋದು ಬೇಡ. ಹೆಸರು ಮೊದ್ಲೇ ಸಿಕ್ಕಿಬಿಟ್ರೆ ಮಕ್ಕಳು ನೋಡೋದನ್ನ ನಿಲ್ಲಿಸ್ತಾರೆ.

ಹಂತ 1: ಕಲ್ಲು ಸೇರ್ಸೋದು

ದೂರ ಹೋಗ್ಬೇಕಿಲ್ಲ. ಮನೆ ಕಟ್ತಿರೋ ಕಡೆ ಕೇಳಿದ್ರೆ ನಾಲ್ಕು ಜಲ್ಲಿ ಕಲ್ಲು ಕೊಡ್ತಾರೆ, ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಅದು ಬಹುಪಾಲು ಗ್ರಾನೈಟ್ ಅಥವಾ ನೈಸ್, ಆಗಷ್ಟೇ ಒಡೆದಿರೋದ್ರಿಂದ ಒಳಗಿನ ಹರಳುಗಳು ಚೆನ್ನಾಗಿ ಕಾಣುತ್ತೆ. ಗ್ರಾನೈಟ್ ಅಂಗಡಿಯವರ ಹತ್ರ ಕಟ್ ಮಾಡಿ ಬಿಸಾಕಿರೋ ಚೂರುಗಳು ರಾಶಿ ಇರುತ್ತೆ. ಹೊಲದ ಬದಿಯಲ್ಲಿ ಬಿಳೀ ಬೆಣಚು ಕಲ್ಲು, ಮಣ್ಣಲ್ಲಿ ಫಳಫಳ ಹೊಳೆಯೋ ಕಾಗೆಬಂಗಾರ ಅಂದ್ರೆ ಅಭ್ರಕ, ಕರಾವಳಿ ಮಲೆನಾಡಿನ ಕಡೆ ಮುರಕಲ್ಲು ಅಥವಾ ಜಂಬಿಟ್ಟಿಗೆ. ಹತ್ತು ಹನ್ನೆರಡು ಬೇರೆ ಬೇರೆ ಥರದ ತುಂಡು ಸಿಕ್ರೆ ಸಾಕು, ಎಲ್ಲಾ ಮುಷ್ಟಿಯೊಳಗೆ ಹಿಡಿಯೋ ಸೈಜಲ್ಲಿರ್ಲಿ.

ಅಂಗಡಿಯಲ್ಲಿ ಹೇಳೋ ಹೆಸರನ್ನ ಹಾಗೇ ನಂಬ್ಬೇಡಿ. ಅವರ ಲೆಕ್ಕದಲ್ಲಿ ಪಾಲಿಶ್ ತಗೊಳ್ಳೋ ಗಟ್ಟಿ ಕಲ್ಲೆಲ್ಲಾ ಗ್ರಾನೈಟೇ, ಬ್ಲ್ಯಾಕ್ ಗ್ರಾನೈಟ್ ಅಂತ ಮಾರೋದು ಸಾಮಾನ್ಯವಾಗಿ ಡಾಲರೈಟ್ ಅನ್ನೋ ಬೇರೆ ಅಗ್ನಿಶಿಲೆ. ಅಡುಗೆಮನೆ ಕಟ್ಟೆಗೆ ಹಾಕೋ ಕ್ವಾರ್ಟ್ಜ್ ಸ್ಲ್ಯಾಬ್ ಅಂತೂ ಕಲ್ಲಿನ ಪುಡಿಗೆ ಅಂಟು ಸೇರ್ಸಿ ಫ್ಯಾಕ್ಟರೀಲಿ ಮಾಡಿದ್ದು.

ಇಲ್ಲಿ ಮೂರು ಎಚ್ಚರಿಕೆ ಹೇಳ್ಲೇಬೇಕು. ಕಲ್ಲೆತ್ತುವಾಗ ಕೈಯಿಂದ ನೇರ ಎತ್ತಿಸ್ಬೇಡಿ, ಕಾಲಲ್ಲೋ ಕೋಲಲ್ಲೋ ಮಗುಚಿ ನೋಡಿ ಆಮೇಲೆ ಎತ್ಲಿ, ಕೆಳಗೆ ಚೇಳಿರುತ್ತೆ. ಬಿಟ್ಟುಹೋದ ಕ್ವಾರಿಗಳ ಹತ್ರ ಕರ್ಕೊಂಡು ಹೋಗ್ಬೇಡಿ, ಅಲ್ಲಿ ನಿಂತಿರೋ ನೀರು ದಡದಿಂದಾನೇ ಆಳ. ಹಂಪಿ, ಬಾದಾಮಿ, ಲಾಲ್‌ಬಾಗ್ ಬಂಡೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ ಇಂಥ ಸಂರಕ್ಷಿತ ಜಾಗಗಳಿಂದ ಒಂದು ಚೂರೂ ತರ್ಬೇಡಿ, ಯಾಕೆ ತರ್ಬಾರ್ದು ಅಂತ ಮಗೂಗೆ ಅಲ್ಲೇ ನಿಂತು ಹೇಳಿ.

ಹಂತ 2: ತೊಳೆದು, ನೋಡಿ, ಬರೆಯೋದು

ಟೂತ್ ಬ್ರಶ್ಶಲ್ಲಿ ಉಜ್ಜಿ ತೊಳೀಲಿ. ಒದ್ದೆ ಕಲ್ಲಿನ ಬಣ್ಣ ಒಣ ಕಲ್ಲಿಗಿಂತ ಗಾಢವಾಗಿ ಕಾಣುತ್ತೆ, ಒಣಗೋವಾಗ ಬದಲಾಗೋದನ್ನ ಮಗುವೇ ಗಮನಿಸುತ್ತೆ, ನೀವು ಹೇಳ್ಬೇಡಿ.

ಈಗ ಒಂದು ಗ್ರಾನೈಟ್ ಚೂರು ತಗೊಂಡು ಅದರ ಮೇಲೆ ಒಂದು ಇಂಚಿನ ಚೌಕ ಗುರುತು ಮಾಡಿ. ಭೂತಕನ್ನಡಿ ಹಿಡಿದು ಆ ಚೌಕದಲ್ಲಿ ಎಷ್ಟು ಥರದ ಚುಕ್ಕೆ ಇದೆ ಅಂತ ಕೇಳಿ. ಗುಲಾಬಿನೋ ಕೆನೆಬಿಳಿನೋ ಇರೋ ಹರಳು ಫೆಲ್ಡ್‌ಸ್ಪಾರ್, ಗಾಜಿನ ಥರ ಬೂದುಬಣ್ಣದಲ್ಲಿರೋದು ಬೆಣಚು, ಕಪ್ಪಗೆ ಹೊಳೆಯೋದು ಸಾಮಾನ್ಯವಾಗಿ ಅಭ್ರಕ. ಇವು ಖನಿಜಗಳು, ಅಂದ್ರೆ ಕಲ್ಲು ಯಾವುದರಿಂದ ಆಗಿದ್ಯೋ ಆ ಪದಾರ್ಥಗಳು. ಆ ಒಂದಿಂಚಿನ ಚೌಕವನ್ನ ಪೂರ್ತಿ ಎ4 ಹಾಳೆ ಮೇಲೆ ದೊಡ್ಡದು ಮಾಡಿ ಚಿತ್ರಿಸ್ಬೇಕು. ಬ್ರಶ್ ಬೇಡ, ಪ್ರತಿ ಬಣ್ಣಕ್ಕೊಂದು ಇಯರ್ ಬಡ್ ಕೊಟ್ಟು ಚುಕ್ಕೆ ಇಡ್ಸಿ. ಯಾವ ಬಣ್ಣ ಜಾಸ್ತಿ, ಯಾವುದು ಕಮ್ಮಿ, ಯಾವ ಹರಳು ಉದ್ದ, ಯಾವುದು ಇನ್ನೊಂದರ ಸಂದಿಯಲ್ಲಿ ತೂರ್ಕೊಂಡಿದೆ ಅಂತ ನೋಡಿ ನೋಡಿ ಇಡ್ಬೇಕಾಗುತ್ತೆ, ಈ ನೋಡೋ ಕೆಲಸಕ್ಕೋಸ್ಕರಾನೇ ಈ ಚಿತ್ರ. ಇಡೀ ಚಟುವಟಿಕೇಲಿ ನನಗೆ ಅತೀ ಮುಖ್ಯ ಅನ್ಸೋದು ಇದೇ, ಬೇರೇನೂ ಮಾಡೋಕಾಗ್ಲಿಲ್ಲ ಅಂದ್ರೂ ಇದೊಂದು ಮಾಡ್ಸಿ.

ಬೇರೆ ಕಲ್ಲಿಗೆ ಬೇರೆ ವಿಧಾನ. ನೈಸ್ ಕಲ್ಲಲ್ಲಿ ಕಪ್ಪು ಬಿಳಿ ಪಟ್ಟಿ ಅಲೆ ಅಲೆಯಾಗಿ ಓಡುತ್ತೆ, ಅದಕ್ಕೆ ಒದ್ದೆ ಹಾಳೆ ಮೇಲೆ ಅಗಲ ಬ್ರಶ್. ಮರಳುಗಲ್ಲಿಗೆ ಸ್ಪಾಂಜ್ ಒತ್ತಿ, ಮೇಲೆ ಟೂತ್ ಬ್ರಶ್ಶಿಂದ ಬಣ್ಣ ಸಿಡಿಸಿದ್ರೆ ಕಣಗಳು ಬರುತ್ತೆ. ಒರಟು ಕಲ್ಲಿನ ಮೇಲೆ ತೆಳು ಪೇಪರ್ ಇಟ್ಟು ಕ್ರೇಯಾನ್ ಅಡ್ಡ ಹಿಡಿದು ಉಜ್ಜಿದ್ರೆ ಮೇಲ್ಮೈ ಅಚ್ಚು ಬೀಳುತ್ತೆ, ಇದನ್ನ ಮನೆ ಮುಂದಿನ ಚಪ್ಪಡಿ, ಒರಳು, ಬೀಸೋಕಲ್ಲಿನ ಮೇಲೆಲ್ಲಾ ಮಾಡಿ ನೋಡ್ಬೋದು.

ಹಂತ 3: ಪರೀಕ್ಷೆಗಳು

ಗೀರು ಪರೀಕ್ಷೆ. ಫ್ರೆಡ್ರಿಕ್ ಮೋಸ್ ಅನ್ನೋರು 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಒಂದು ಅಳತೆ ಮಾಡಿದ್ರು, ತುಂಬಾ ಮೆತ್ತಗಿರೋ ಟಾಲ್ಕ್ ಅನ್ನೋ ಖನಿಜ 1, ವಜ್ರ 10. ನಮ್ಮ ಉಗುರು ಸುಮಾರು 2.5, ಕಬ್ಬಿಣದ ಮೊಳೆ ಸುಮಾರು 5, ಬೆಣಚು 7. ಬಳಪದ ಕಲ್ಲಲ್ಲಿ ಟಾಲ್ಕ್ ಜಾಸ್ತಿ ಇದ್ರೆ ಉಗುರಿಂದಾನೇ ಕಲ್ಲಿಗೆ ಗೀರು ಬೀಳುತ್ತೆ, ಅಜ್ಜಿ ಮನೇಲಿ ಹಳೇ ಕಲ್ಲಿನ ಮರಿಗೆ ಇದ್ರೆ ತಳದಲ್ಲಿ ಸ್ವಲ್ಪ ಮುಟ್ಟಿಸಿ ಎಷ್ಟು ನುಣುಪು ಅಂತ ತೋರ್ಸಿ. ಹೊಯ್ಸಳರ ಶಿಲ್ಪಿಗಳು ಅಷ್ಟು ಸೂಕ್ಷ್ಮ ಕುಸುರಿ ಮಾಡೋಕೆ ಆ ಕಲ್ಲು ಮೆತ್ತಗಿದ್ದಿದ್ದೂ ಒಂದು ದೊಡ್ಡ ಕಾರಣ, ಗ್ರಾನೈಟಲ್ಲಿ ಅದು ಬಹಳ ಕಷ್ಟ. ಇಲ್ಲಿ ಎಲ್ರೂ ಮೋಸ ಹೋಗೋ ಜಾಗ ಒಂದಿದೆ: ಗಟ್ಟಿ ಕಲ್ಲಿನ ಮೇಲೆ ಮೊಳೆ ಎಳೆದ್ರೆ ಗೆರೆ ಕಾಣುತ್ತೆ, ಆದ್ರೆ ಅದು ಕಲ್ಲಿಗೆ ಬಿದ್ದ ಗೀರಲ್ಲ, ಮೊಳೆಯ ಲೋಹ ಸವೆದು ಅಂಟ್ಕೊಂಡಿರೋದು. ಒದ್ದೆ ಬೆರಳಲ್ಲಿ ಉಜ್ಜಿ, ಉಗುರಿಂದ ತಡವಿ ನೋಡಿ, ಗೀರಾಗಿದ್ರೆ ಗುಳಿ ಸಿಗುತ್ತೆ.

ವಿನೆಗರ್ ಪರೀಕ್ಷೆ. ಶಹಾಬಾದ್ ಕಲ್ಲು, ಕಡಪ ಕಲ್ಲು ಇವೆಲ್ಲ ಸುಣ್ಣದಕಲ್ಲಿನ ಜಾತಿ, ಇವುಗಳಲ್ಲಿರೋ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಹುಳಿ ತಾಗಿದ್ರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತೆ. ಕಲ್ಲಿನ ಮೇಲೆ ನೇರ ಹಾಕಿದ್ರೆ ಎಷ್ಟೋ ಸಲ ಏನೂ ಕಾಣಲ್ಲ, ವಿನೆಗರ್ ತುಂಬಾ ಮೆತ್ತಗಿನ ಆಮ್ಲ. ಮೊಳೆಯಿಂದ ಒಂಚೂರು ಕೆರೆದು ಪುಡಿ ಮಾಡಿ, ಆ ಪುಡಿ ಮೇಲೆ ಎರಡು ಹನಿ ಹಾಕಿ ಭೂತಕನ್ನಡೀಲಿ ನೋಡಿ. ಮೊಟ್ಟೆ ಸಿಪ್ಪೆಗೂ ಹಾಕಿ, ರಂಗೋಲಿ ಪುಡಿಗೂ ಹಾಕಿ. ರಂಗೋಲಿ ಪುಡಿ ಬೇರೆ ಬೇರೆ ಬಿಳಿ ಕಲ್ಲಿಂದ ಮಾಡ್ತಾರೆ, ಹಾಗಾಗಿ ಒಂದು ನೊರೆ ಬಂದು ಇನ್ನೊಂದು ಬರದೇ ಇರ್ಬೋದು, ಬರ್ಲಿಲ್ಲ ಅಂದ್ರೆ ಅದು ಬೆಣಚಿನ ಪುಡಿ ಇರ್ಬೋದು. ಶಾಲೆಯ ಸೀಮೆಸುಣ್ಣ ನೊರೆ ಬರ್ಲಿಲ್ಲ ಅಂತ ಗಾಬರಿ ಬೇಡ, ಈಗಿನ ಸೀಮೆಸುಣ್ಣ ಬಹಳಷ್ಟು ಜಿಪ್ಸಮ್, ಅದರಲ್ಲಿ ಕಾರ್ಬೊನೇಟ್ ಇಲ್ಲ. ಒಂದೇ ಒಂದು ಎಚ್ಚರಿಕೆ, ಈ ಪ್ರಯೋಗ ಮನೆಯ ಮಾರ್ಬಲ್ ಅಥವಾ ಶಹಾಬಾದ್ ನೆಲದ ಮೇಲೆ ಮಾಡ್ಬೇಡಿ, ಬಿದ್ದ ಕಡೆ ಮಂಕಾಗುತ್ತೆ, ಮತ್ತೆ ಪಾಲಿಶ್ ಮಾಡ್ಸೋವರೆಗೂ ಹೋಗಲ್ಲ.

ಬಣ್ಣದ ಗೆರೆ. ಟೈಲ್ಸಿನ ಹಿಂಭಾಗ, ಅಂದ್ರೆ ಹೊಳಪಿಲ್ಲದ ಕಡೆ, ಕಲ್ಲನ್ನ ಒತ್ತಿ ಎಳೀರಿ. ಸಂಡೂರು ಬಳ್ಳಾರಿ ಕಡೆಯ ಹೆಮಟೈಟ್ ಅನ್ನೋ ಕಬ್ಬಿಣದ ಅದಿರಿನ ಚೂರು ಸಿಕ್ರೆ, ನೋಡೋಕೆ ಅದು ಬೂದುಗಪ್ಪು ಇದ್ರೂ ಗೆರೆ ಮಾತ್ರ ಕೆಂಪು ಬೀಳುತ್ತೆ, ಮಕ್ಕಳಿಗೆ ಇದು ಭಾರೀ ಆಶ್ಚರ್ಯ. ಅಯಸ್ಕಾಂತಕ್ಕೆ ಬಲವಾಗಿ ಅಂಟಿದ್ರೆ ಅದರಲ್ಲಿ ಮ್ಯಾಗ್ನಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಖನಿಜ ಇರ್ಬೋದು ಅಂತರ್ಥ.

ಕತ್ತಲೆ ಕೋಣೆ. ಎರಡು ಬೆಣಚು ಕಲ್ಲು ತಗೊಂಡು, ದೀಪ ಆರಿಸಿ, ಐದು ನಿಮಿಷ ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋವರೆಗೂ ಕಾದು, ಆಮೇಲೆ ಒಂದಕ್ಕೊಂದು ಗಟ್ಟಿಯಾಗಿ ಉಜ್ಜಿದ್ರೆ ಒಳಗಿಂದ ಮಂದ ಬೆಳಕು ಮಿಣುಕುತ್ತೆ. ಹಳ್ಳಿ ಮಕ್ಕಳಿಗೆ ಇದು ಗೊತ್ತಿರೋದೇ. ಸೇಫ್ಟಿ ಗ್ಲಾಸ್ ಕಡ್ಡಾಯ, ಚಕ್ಕೆ ಹಾರುತ್ತೆ. ಜನ ಸೋಲೋದು ಕಾಯದೇ ಇರೋದ್ರಿಂದ, ಕಿಟಕಿ ಸಂದಿಯ ಬೆಳಕೂ ಇರ್ಬಾರ್ದು.

ಕಲ್ಲನ್ನ ಬೆಂಕಿಗೆ ಹಾಕಿ ನೋಡೋಣ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ. ಹೊಳೆ ಕಲ್ಲಿನ ಸಂದಿಯಲ್ಲಿ ನೀರಿದ್ರೆ ಆವಿಯಾಗಿ ಕಲ್ಲು ಸಿಡಿಯುತ್ತೆ.

ಹಂತ 4: ಕಲ್ಲು ಹೇಗಾಯ್ತು ಅಂತ ಮಾಡಿ ತೋರ್ಸೋದು

ಮೂರು ಜಾತಿಯ ಹೆಸರು ಹೇಳೋಕೆ ಈಗ ಸಮಯ.

ಅಗ್ನಿಶಿಲೆಗೆ ಪಟಿಕ. ಅರ್ಧ ಲೋಟ ಬಿಸಿನೀರಿಗೆ ಪಟಿಕದ ಪುಡಿ ಹಾಕ್ತಾ ಕಲಕ್ತಾ ಹೋಗಿ, ಇನ್ನು ಕರಗಲ್ಲ ಅನ್ನೋವರೆಗೂ. ಬಿಸಿನೀರಿನ ಕೆಲಸ ದೊಡ್ಡೋರದ್ದು. ತಿಳಿಯನ್ನ ಎರಡು ಬಟ್ಟಲಿಗೆ ಹಾಕಿ, ಒಂದನ್ನ ಐಸ್ ನೀರಿನ ಪಾತ್ರೇಲಿ ಇಡಿ, ಇನ್ನೊಂದನ್ನ ಬಟ್ಟೆ ಸುತ್ತಿ ಅಲ್ಲಾಡದ ಜಾಗದಲ್ಲಿ ರಾತ್ರಿ ಬಿಡಿ. ಬೇಗ ತಣ್ಣಗಾದದ್ದರಲ್ಲಿ ಸಣ್ಣ ಸಣ್ಣ ಕಣ, ನಿಧಾನ ಆದದ್ದರಲ್ಲಿ ದೊಡ್ಡ ಹರಳು. ಗ್ರಾನೈಟ್ ನೆಲದಾಳದಲ್ಲಿ ನಿಧಾನವಾಗಿ ತಣ್ಣಗಾಯ್ತು, ಹರಳು ಬರಿಗಣ್ಣಿಗೆ ಕಾಣುತ್ತೆ. ಬಸಾಲ್ಟ್ ಲಾವಾ ಆಗಿ ಹೊರಗೆ ಹರಿದು ಬೇಗ ಗಟ್ಟಿಯಾಯ್ತು, ಹರಳು ಕಾಣೋದೇ ಇಲ್ಲ. ಮಗೂಗೆ ಎರಡೂ ಕಲ್ಲು ಕೈಗೆ ಕೊಟ್ಟು, ಯಾವ ಬಟ್ಟಲು ಯಾವ ಕಲ್ಲು ಅಂತ ಕೇಳಿ.

ಕಣಶಿಲೆಗೆ ಒಂದು ಅಗಲ ಬಾಯಿಯ ಬಾಟಲಿ. ಸಣ್ಣ ಜಲ್ಲಿ, ಮರಳು, ತೋಟದ ಮಣ್ಣು, ನೀರು ಹಾಕಿ ಜೋರಾಗಿ ಕುಲುಕಿ ಇಟ್ಬಿಡಿ. ದಪ್ಪದ್ದು ಮೊದ್ಲು ಕೂರುತ್ತೆ, ಜೇಡಿ ಕೊನೇಗೆ, ಮಾರನೇ ದಿನ ಪದರಗಳನ್ನ ಬಾಟಲಿ ಪಕ್ಕದಲ್ಲಿಟ್ಕೊಂಡು ಬಣ್ಣದಲ್ಲಿ ಬರೀಲಿ. ಗಟ್ಟಿಯಾಗೋದು ತೋರ್ಸೋಕೆ ಪೇಪರ್ ಕಪ್ಪಲ್ಲಿ ಮರಳಿಗೆ ನೀರು ಬೆರೆಸಿದ ಫೆವಿಕಾಲ್ ಹಾಕಿ ನಾಲ್ಕೈದು ದಿನ ಒಣಗಿಸಿ, ಕಪ್ ಹರಿದ್ರೆ ಮರಳುಗಲ್ಲು ರೆಡಿ. ಬಾದಾಮಿಯಲ್ಲಿ ಫೆವಿಕಾಲ್ ಕೆಲಸ ಮಾಡಿದ್ದು ಕಣಗಳ ಮಧ್ಯೆ ಇಳಿದ ಸಿಲಿಕಾ, ಕಬ್ಬಿಣದ ಅಂಶ ಇಂಥವು, ಆ ಕೆಂಪು ಬಂದಿರೋದೂ ಕಬ್ಬಿಣದಿಂದಾನೇ.

ರೂಪಾಂತರ ಶಿಲೆಗೆ ಚಪಾತಿ ಹಿಟ್ಟು. ಬಿಳಿ ಹಿಟ್ಟಿನ ಉಂಡೆಗೆ ಅರಿಶಿನ ಕಲಸಿದ ಉಂಡೆ, ಬೀಟ್‌ರೂಟ್ ಕಲಸಿದ ಉಂಡೆ ಸಣ್ಣ ಸಣ್ಣದಾಗಿ ಚುಚ್ಚಿ, ಮೇಲಿಂದ ಹಲಗೆ ಇಟ್ಟು ಒತ್ತಿ, ಮಡಚಿ, ಮತ್ತೆ ಒತ್ತಿ. ಚಾಕುವಿಂದ ಅಡ್ಡ ಕುಯ್ದ್ರೆ ಚುಕ್ಕೆಗಳೆಲ್ಲಾ ಪಟ್ಟಿಯಾಗಿರುತ್ತೆ. ಇದೇ ನೈಸ್.

ಹಂತ 5: ಕಲ್ಲು ಮಣ್ಣಿಂದ ಬಣ್ಣ

ಪೇಂಟ್ ಅನ್ನೋದು ಟ್ಯೂಬಲ್ಲಿ ಹುಟ್ಟಲ್ಲ ಅಂತ ಮಗೂಗೆ ಗೊತ್ತಾಗೋದು ಇಲ್ಲಿ. ಕೊಪ್ಪಳ ಜಿಲ್ಲೆ ಹಿರೇಬೆಣಕಲ್ ಬೆಟ್ಟದ ಬಂಡೆಗಳ ಮೇಲೆ ಪ್ರಾಚೀನ ಜನ ಕೆಂಪಲ್ಲಿ ಬರೆದ ಚಿತ್ರಗಳು ಇವತ್ತಿಗೂ ಇವೆ, ಸಾಗರ ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಗೋಡೆಗೆ ಬಳಿಯೋದು ಕೆಮ್ಮಣ್ಣು. ಆ ಕೆಂಪು ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಬೇಗ ಮಾಸಲ್ಲ.

ಒಂದು ಕಪ್ ಕೆಮ್ಮಣ್ಣು ಅಥವಾ ಮೆತ್ತಗಿರೋ ಮುರಕಲ್ಲಿನ ಪುಡಿ ತಗೊಳ್ಳಿ. ಒಣ ಪುಡಿ ಕುಟ್ಟಿ ಧೂಳೆಬ್ಬಿಸ್ಬೇಡಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮೊದ್ಲೇ ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡೇ ಅರೀರಿ, ಬೆಣಚು ಗ್ರಾನೈಟ್ ಅಂತೂ ಮಕ್ಕಳ ಕೈಲಿ ಪುಡಿ ಮಾಡಿಸ್ಲೇಬೇಡಿ. ಅರೆದಿದ್ದಕ್ಕೆ ಮೂರು ಪಟ್ಟು ನೀರು ಹಾಕಿ ಕಲಕಿ, ಅರ್ಧ ನಿಮಿಷ ಬಿಡಿ, ಮರಳು ತಳ ಸೇರುತ್ತೆ, ಮೇಲಿನ ಬಣ್ಣದ ನೀರನ್ನ ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಇದನ್ನ ಎರಡು ಸಲ ಮಾಡಿದ್ರೆ ನುಣುಪು ಸಿಗುತ್ತೆ. ರಾತ್ರಿ ಬಿಟ್ರೆ ಬಣ್ಣ ತಳದಲ್ಲಿ ಕೂತಿರುತ್ತೆ, ತಿಳಿ ಚೆಲ್ಲಿ, ಉಳಿದದ್ದನ್ನ ತಟ್ಟೇಲಿ ಒಣಗಿಸಿ.

ಅಂಟಿಗೆ ಒಂದು ಚಮಚ ಗೋಂದನ್ನ ಎರಡು ಚಮಚ ಬಿಸಿನೀರಲ್ಲಿ ರಾತ್ರಿ ನೆನೆಸಿ ಬಟ್ಟೇಲಿ ಸೋಸಿ, ಒಂದೆರಡು ಹನಿ ಜೇನುತುಪ್ಪ ಸೇರಿಸಿದ್ರೆ ಒಣಗಿದ್ಮೇಲೆ ಬಿರುಕು ಬಿಡಲ್ಲ. ಬಣ್ಣದ ಪುಡಿಗೆ ಸ್ವಲ್ಪ ಸ್ವಲ್ಪ ಹಾಕಿ ಟೈಲ್ಸ್ ಮೇಲೆ ಚಮಚದ ಹಿಂಭಾಗದಿಂದ ಅರೆಯಿರಿ. ಹಾಳೆಗೆ ಹಚ್ಚಿ ಒಣಗಿದ್ಮೇಲೆ ಬೆರಳಿಗೆ ಪುಡಿ ಅಂಟಿದ್ರೆ ಅಂಟು ಸಾಲದು, ಫಳಫಳ ಹೊಳೆದು ಬಿರಿದ್ರೆ ಜಾಸ್ತಿಯಾಗಿದೆ. ಗೋಂದಿನ ಬಣ್ಣ ಒಂದೆರಡು ದಿನಕ್ಕೇ ವಾಸನೆ ಬರುತ್ತೆ, ಬೇಕಾದಷ್ಟೇ ಕಲಸಿ.

ಹಳದಿ ಮಣ್ಣು ಸಿಕ್ರೆ ಇನ್ನೊಂದು ಚಂದದ ಪ್ರಯೋಗ ಇದೆ. ಹಳೇ ಕಬ್ಬಿಣದ ಬಾಣಲೇಲಿ ನೀವೇ ಹುರೀರಿ, ಮಗು ದೂರ ಕೂತು ನೋಡ್ಲಿ. ಚೆನ್ನಾಗಿ ಕಾದ್ಮೇಲೆ ಹಳದಿ ನಿಧಾನವಾಗಿ ಕೆಂಪಗೆ ತಿರುಗುತ್ತೆ, ಮಣ್ಣಿನ ಕಬ್ಬಿಣದ ಖನಿಜದೊಳಗಿದ್ದ ನೀರು ಹೋಗಿ ಅದು ಹೆಮಟೈಟ್ ಆಗುತ್ತೆ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ.

ಬಿಳಿಗೆ ಸೀಮೆಸುಣ್ಣದ ಪುಡಿ, ಕಪ್ಪಿಗೆ ಇದ್ದಿಲು. ಗೋಡೆಗೆ ಬಳಿಯೋ ಸುಣ್ಣ, ಎಲೆಅಡಿಕೆ ಸುಣ್ಣ ಮಕ್ಕಳ ಕೈಗೆ ಕೊಡ್ಲೇಬೇಡಿ, ಕಣ್ಣಿಗೆ ಬಿದ್ರೆ ದೃಷ್ಟಿಗೇ ಅಪಾಯ. ಸಿಂಧೂರ, ಬಣ್ಣದ ಕುಂಕುಮ ಕೂಡ ಬೇಡ, ಕೆಲವದರಲ್ಲಿ ಸೀಸ ಇರುತ್ತೆ.

ಹಂತ 6: ಈಗ ಕಲ್ಲಿನ ಮೇಲೆ

ನುಣುಪಾದ ಹೊಳೆ ಕಲ್ಲು ಒಳ್ಳೇದು, ಮುರಕಲ್ಲು ಬೇಡ, ತೂತುಗಳು ಪೇಂಟೆಲ್ಲಾ ಕುಡಿದುಬಿಡುತ್ತೆ. ಸೋಪಲ್ಲಿ ತೊಳೆದು ಒಂದಿಡೀ ದಿನ ಒಣಗಿಸಿ, ಒದ್ದೆ ಉಳಿದ್ರೆ ಪೇಂಟ್ ಸಿಪ್ಪೆ ಏಳುತ್ತೆ. ನೀರಲ್ಲಿ ಕರಗೋ ಅಕ್ರಿಲಿಕ್ ತಗೊಳ್ಳಿ, ಎರಡು ತೆಳು ಕೋಟ್. ಪೋಸ್ಟರ್ ಕಲರ್ ನೀರು ಬಿದ್ರೆ ಹೋಗುತ್ತೆ. ಮನೇಲಿ ಮಿಕ್ಕಿರೋ ಹಳೇ ಎನಾಮೆಲ್ ಡಬ್ಬ ಬೇಡವೇ ಬೇಡ, ನಮ್ಮ ದೇಶದಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದಿದ್ದು 2017ರ ಕೊನೇಲಿ, ಅದಕ್ಕಿಂತ ಹಳೇದರಲ್ಲಿ ಎಷ್ಟಿದೆಯೋ ಹೇಳೋಕಾಗಲ್ಲ.

ನನ್ನ ಒಂದೇ ನಿಯಮ: ಅರ್ಧ ಕಲ್ಲು ಬರಿದಾಗೇ ಇರ್ಲಿ. ಬರಿದಾದ ಅರ್ಧದ ಪಕ್ಕದಲ್ಲಿ ಆ ಕಲ್ಲು ಹುಟ್ಟಿದ ಕಥೆ ಬರೀಲಿ, ಬಸಾಲ್ಟ್ ಆದ್ರೆ ಹರಿಯೋ ಲಾವಾ, ಮರಳುಗಲ್ಲಾದ್ರೆ ಹೊಳೆ, ನೈಸ್ ಆದ್ರೆ ಪಟ್ಟಿಗಳು ಕಲ್ಲಿನ ನಿಜವಾದ ಪಟ್ಟಿಯಿಂದಾನೇ ಶುರುವಾಗಿ ಮುಂದುವರೀಲಿ. ಚಿಟ್ಟೆ ಬರೀಬೇಕು ಅಂತ ಹಟ ಮಾಡಿದ್ರೆ ಬರೀಲಿ ಬಿಡಿ, ಅರ್ಧಕ್ಕೆ ಮಾತ್ರ. ಪೇಂಟ್ ಮಾಡಿದ ಕಲ್ಲನ್ನ ಕೆರೆಗೋ ಹೊಳೆಗೋ ಎಸೀಬಾರ್ದು, ಅಕ್ರಿಲಿಕ್ ಅಂದ್ರೆ ಪ್ಲಾಸ್ಟಿಕ್ಕೇ.

ಹಂತ 7: ವಯಸ್ಸಿನ ಪಟ್ಟಿ

ಕೋಟಿ ವರ್ಷ ಅಂದ್ರೆ ಮಕ್ಕಳಿಗೆ ಏನೂ ಅರ್ಥ ಆಗಲ್ಲ, ದೊಡ್ಡೋರಿಗೂ ಅಷ್ಟೇ. ಚಾರ್ಟ್ ಪೇಪರ್ ಪಟ್ಟಿಗಳನ್ನ ಅಂಟಿಸಿ 4 ಮೀಟರ್ 60 ಸೆಂಟಿಮೀಟರ್ ಉದ್ದ ಮಾಡಿ. ಒಂದು ಸೆಂಟಿಮೀಟರ್‌ಗೆ ಒಂದು ಕೋಟಿ ವರ್ಷ, ಪೂರ್ತಿ ಪಟ್ಟಿ ಭೂಮಿಯ ಸುಮಾರು 460 ಕೋಟಿ ವರ್ಷ. ಇವತ್ತು ಅನ್ನೋ ತುದಿಯಿಂದ ಹಿಂದಕ್ಕೆ ಅಳೀರಿ. 6.6 ಸೆಂಟಿಮೀಟರ್‌ಗೆ ದಖ್ಖನ್ನಿನ ಲಾವಾ, ಅಂದ್ರೆ ವಿಜಯಪುರ ಬೆಳಗಾವಿ ಕಡೆಯ ಆ ಬಸಾಲ್ಟ್, ಡೈನೋಸಾರ್‌ಗಳು ಅಳಿದಿದ್ದೂ ಅದೇ ಸುಮಾರಿಗೆ. ಸುಮಾರು 9ಕ್ಕೆ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು, ಭಾರತ ಮಡಗಾಸ್ಕರ್‌ನಿಂದ ಬೇರೆಯಾದ ಕಾಲದ ಲಾವಾ ಅದು. ಎರಡೂವರೆ ಮೀಟರ್‌ಗೆ ರಾಮನಗರದ ಗ್ರಾನೈಟ್, ಮೂರು ಮೀಟರ್‌ಗೆ ಲಾಲ್‌ಬಾಗ್ ಬಂಡೆ. ಮನುಷ್ಯ ಜಾತಿಯ ಸುಮಾರು 3 ಲಕ್ಷ ವರ್ಷ ಒಂದು ಮಿಲಿಮೀಟರೂ ಬರಲ್ಲ, ಪೆನ್ಸಿಲ್ ಗೆರೆ ಅಷ್ಟೇ. ಪ್ರತಿ ಗುರುತಿಗೂ ಮಗು ಆ ಕಲ್ಲಿನ ಮೇಲ್ಮೈಯನ್ನ ಬಣ್ಣದಲ್ಲಿ ಬರೀಲಿ, ಹಂತ 2ರ ವಿಧಾನಗಳೇ ಇಲ್ಲೂ.

ಆಮೇಲೆ ಲಾಲ್‌ಬಾಗಿಗೆ ಹೋದಾಗ ಕೆಂಪೇಗೌಡ ಗೋಪುರ ಇರೋ ಆ ಬಂಡೆ ಮೇಲೆ ಕೂತು ಪಟ್ಟಿಗಳನ್ನ ನೋಡಿ ಬರೀಲಿ. ಅಲ್ಲಿ ವಿನೆಗರ್, ಮೊಳೆ, ಕ್ರೇಯಾನ್ ಉಜ್ಜೋದು ಯಾವುದೂ ಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಂತ 8: ಜೋಡಿಸಿಡೋದು

ಮೊಟ್ಟೆ ಟ್ರೇಯ ಒಂದೊಂದು ಗುಳಿಗೆ ಒಂದೊಂದು ಕಲ್ಲು. ತಳದಲ್ಲಿ ಒಂಚೂರು ಬಿಳಿ ಪೇಂಟ್ ಹಚ್ಚಿ ಅದರ ಮೇಲೆ ನಂಬರ್ ಬರೀರಿ, ನೋಟ್‌ಬುಕ್ಕಲ್ಲಿ ಅದೇ ನಂಬರಿಗೆ ಎಲ್ಲಿ ಸಿಕ್ತು, ಯಾವತ್ತು, ಗೀರು ಬಿತ್ತಾ, ನೊರೆ ಬಂತಾ, ಅಯಸ್ಕಾಂತಕ್ಕೆ ಅಂಟ್ತಾ ಅಂತ ಮಗುವೇ ಬರೀಲಿ. ಸಿಕ್ಕ ಊರು ಬರೀದೇ ಬಿಟ್ರೆ ಆರು ತಿಂಗಳಾದ್ಮೇಲೆ ಆ ಕಲ್ಲಿಂದ ಏನೂ ಕಲಿಯೋಕಾಗಲ್ಲ, ಇದೊಂದು ಜಾಗದಲ್ಲಿ ಸ್ವಲ್ಪ ಸ್ಟ್ರಿಕ್ಟ್ ಆಗಿರಿ. ಹೆಸರು ಗೊತ್ತಾಗದ ಕಲ್ಲಿಗೆ ಜಾಗ ಖಾಲಿ ಬಿಡಿ, ಮೊಬೈಲಲ್ಲಿ ಫೋಟೋ ಹೊಡೆದು ಬಂದ ಹೆಸರನ್ನ ಪರೀಕ್ಷೆ ಮಾಡದೇ ಬರೀಬೇಡಿ, ಫೋಟೋ ನೋಡಿ ಹೇಳೋ ಆಪ್‌ಗಳು ಕಲ್ಲಿನ ವಿಷಯದಲ್ಲಿ ತಪ್ಪೋದು ಜಾಸ್ತಿ.

ಟ್ರೇಯಲ್ಲಿ ಖಾಲಿ ಗುಳಿ ಉಳಿದಿದ್ರೆ ಊರಿಂದ ಬರೋ ನೆಂಟರಿಗೆ ಮೊದ್ಲೇ ಹೇಳಿಡಿ. ಕಲಬುರಗಿಯವರು ಒಂದು ಶಹಾಬಾದ್ ಚೂರು, ಮಂಗಳೂರಿನವರು ಮುರಕಲ್ಲು, ವಿಜಯಪುರದವರು ಹೊಲದ ಕಪ್ಪು ಕಲ್ಲು ತಂದುಕೊಡ್ಲಿ, ಕೊಡೋವಾಗ ಎಲ್ಲಿಂದ ಎತ್ತಿದ್ದು ಅಂತ ಒಂದು ಚೀಟಿ ಬರ್ದು ಜೊತೆಗಿಟ್ರೆ ಇನ್ನೂ ಒಳ್ಳೇದು.